ದಳವಾಯಿಯ ಹುಬ್ಬುಗಂಟು

ನಮ್ಮ ಮನೆಯಲ್ಲಿ ಸತ್ತವರ ಮುಖಗಳು ಅಡುಗೆಮನೆಯಲ್ಲಿ ಒಣಗುತ್ತಿದ್ದವು. ಬೇರೆ ಜಾಗವೇ ಇರಲಿಲ್ಲ. ರಾಯಚೂರಿನ ಕೋಟೆಗೋಡೆಗೆ ಬೆನ್ನು ಹಚ್ಚಿ ಕೂತ ಆ ಮನೆಯ ಪಡಸಾಲೆ ನೇರ ಬೀದಿಗೆ ತೆರೆದಿತ್ತು. ಅಲ್ಲಿಟ್ಟರೆ ಟಾಂಗಾಗಳು ಎಬ್ಬಿಸಿದ ಧೂಳು ಹಸಿಬಣ್ಣಕ್ಕೆ ಹತ್ತಿ, ಎಂಥ ಸಾಹುಕಾರನ ಮುಖಕ್ಕೂ ಸಿಡುಬು ಎದ್ದಂತೆ ಕಾಣುತ್ತಿತ್ತು. ನಡುಮನೆಯಲ್ಲಿ ಜೋಳದ ಚೀಲಗಳು, ಹಾಸಿಗೆಯ ಸುರುಳಿಗಳು, ಮತ್ತು ಇವೆರಡರ ನಡುವೆ ತನ್ನ ಮಣಿಸರ ಎಣಿಸುತ್ತ ನನ್ನ ಸೋದರತ್ತೆ. ಹೀಗಾಗಿ ಅಪ್ಪ ಬರೆದ ಚಿತ್ರಗಳೆಲ್ಲ ಒಲೆಯಿಂದ ದೂರದ ಗೋಡೆಗೆ, ಉಪ್ಪಿನಕಾಯಿ ಭರಣಿಗಳ ಮೇಲೆ ತೂಗುತ್ತಿದ್ದವು. ಅವ್ವ ಅವುಗಳ ಎದುರಿಗೇ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ಯಾರಾದರೂ ಹಿರಿಯ ಗಂಡಸರಿದ್ದರೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಒಗ್ಗರಣೆ ಹಾಕುವ ಮುಂಚೆ ಒಂದು ಹಳೆಯ ಧೋತರ ಚಿತ್ರಗಳ ಮೇಲೆ ಇಳಿಬಿಡುವುದು ನನ್ನ ಕೆಲಸ. ಎಣ್ಣೆಯ ಹೊಗೆ ಬಣ್ಣಕ್ಕೆ ಹತ್ತದಿರಲಿ ಎಂದು. ಧೋತರ ಇಳಿಬಿಟ್ಟೆನೋ ಇಲ್ಲವೋ ಎಂದು ನಾನು ಶಾಲೆಯ ದಾರಿಯಿಂದ ತಿರುಗಿ ಬಂದು ನೋಡುತ್ತಿದ್ದೆ. ಹೌದು, ಇಳಿಬಿಟ್ಟಿರುತ್ತಿದ್ದೆ. ಆದರೂ ಬರುತ್ತಿದ್ದೆ.

ನನ್ನ ಹೆಸರು ಶಾಂತಾ. ಹೆಸರಿಟ್ಟವರದು ತಪ್ಪಲ್ಲ, ಇಡುವಾಗ ನಾನು ಮಲಗಿದ್ದೆನಂತೆ. ಎದ್ದಾಗಿನಿಂದ ಚಿಂತೆ. ಎರಡು ಹುಬ್ಬಿನ ನಡುವೆ ನಿಂತ ಗಂಟೊಂದು ನನಗೆ ಹಾಲುಹಲ್ಲು ಬೀಳುವ ಮೊದಲೇ ಬಂದಿತ್ತು. ಅತ್ತೆಗೆ ಅದು ಕಣ್ಣಿಗೆ ಕಂಡರೆ ಆಗುತ್ತಿರಲಿಲ್ಲ. ದಿನಾ ಮುಂಜಾನೆ ನನ್ನನ್ನು ಮೊಣಕಾಲ ನಡುವೆ ಹಿಡಿದು ಕೂರಿಸಿ, ಬಿಸಿ ಔಡಲೆಣ್ಣೆ ಹೆಬ್ಬೆರಳಿಗೆ ಹಚ್ಚಿಕೊಂಡು, ಆ ಗಂಟನ್ನು ಇಸ್ತ್ರಿ ಮಾಡಿದಂತೆ ಒತ್ತುತ್ತಿದ್ದಳು.

"ಹೆಣ್ಣುಕೂಸಿನ ಹಣಿ ಬರಿಯೋ ಪಾಟಿ ಇದ್ದಂಗ ನುಣ್ಣಗ ಇರಬೇಕವಾ. ಇದೇನಿದು, ಮುದುಕ ಪಟೇಲನ ಹಣಿ."

"ಅತ್ತಿ, ಎಣ್ಣಿ ಕಣ್ಣಾಗ ಇಳದ್ರ ಕುರುಡು ಆಗ್ತೀನೇನು?"

"ನೋಡು, ಮತ್ತ ಗಂಟು! ಈಗ ಒತ್ತೀನಿ, ಈಗ!"

ನನ್ನ ಅಪ್ಪನ ಕಸುಬು ಸತ್ತವರ ಭಾವಚಿತ್ರ ಬರೆಯುವುದು. ಆಗ ನಮ್ಮ ಕಡೆ ಬಹಳ ಮಂದಿ ಬದುಕಿದಷ್ಟು ಕಾಲ ಒಂದು ಫೋಟೋ ಕೂಡ ತೆಗೆಸದೆ ಹೋಗಿಬಿಡುತ್ತಿದ್ದರು. ಹೋದ ಮೇಲೆ ಮಕ್ಕಳಿಗೆ ಗೋಡೆ ಬರಿದು ಕಾಣುತ್ತಿತ್ತು. ಅಂಥವರು ಅಪ್ಪನ ಹತ್ತಿರ ಬಂದರೆ ಅವನು ಕೇಳುತ್ತಿದ್ದದ್ದು ಒಂದೇ: ಅವರ ಹೋಲಿಕೆ ಯಾರಿಗೆ ಬಂದದ? ತಮ್ಮ, ಮಗ, ಅಕ್ಕ, ಯಾರೇ ಆಗಲಿ, ಸತ್ತವರ ಬದಲಿಗೆ ಬಂದು ಕೂತುಕೊಳ್ಳಬೇಕು. ಇದಕ್ಕೆ ನಮ್ಮ ಮನೆಯಲ್ಲಿ 'ಬದಲಿ ಕೂಡೋದು' ಎನ್ನುತ್ತಿದ್ದರು. ಬದಲಿ ಕೂತವನ ಹೆಗಲಿಗೆ ಸತ್ತವರ ಟವೆಲ್ಲೋ ಶಾಲೋ ಹಾಕಿ, ಒಬ್ಬರ ಮೂಗು, ಇನ್ನೊಬ್ಬರ ಕಿವಿ, ಮತ್ತೊಬ್ಬರ ಗಲ್ಲ ಕೂಡಿಸಿ ಅಪ್ಪ ಒಂದು ಮುಖ ಕಟ್ಟುತ್ತಿದ್ದ. ಅದಕ್ಕೊಂದು ಕಟ್ಟಳೆ ಇತ್ತು. ಚಿತ್ರದ ಮೇಲಿನ ಬಟ್ಟೆ ತೆಗೆಯುವಾಗ ಬದಲಿ ಕೂತವರು ಎದುರಿಗೆ ಇರಬಾರದು. ಯಾವ ಅಂಗ ಯಾರದು ಎಂದು ಅಪ್ಪ ಸತ್ತರೂ ಹೇಳಬಾರದು. ನೋಡುವವರಿಗೆ ತಮ್ಮವರೊಬ್ಬರೇ ಕಾಣಬೇಕು, ಮಿಕ್ಕವರು ಕಾಣಬಾರದು. ಹಾಗೆ ಕಂಡಾಗ ಗಟ್ಟಿಮುಟ್ಟು ಗಂಡಸರು ಚಿತ್ರದ ಮುಂದೆ ಕುಸಿದು ಕೂತು ಅತ್ತದ್ದನ್ನು ನಾನು ಪಡಸಾಲೆಯ ಕಿಂಡಿಯಿಂದ ನೋಡಿದ್ದೇನೆ. ಅಪ್ಪ ಆಗ ಪಾನ್ ತರುವ ನೆಪ ಮಾಡಿ ಹೊರಗೆ ಹೋಗಿಬಿಡುತ್ತಿದ್ದ. ಗಿರಾಕಿಗಳ ಎದುರು ನಿಲ್ಲುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ.

ಇಂಥ ಅಪ್ಪನಿಗೆ ದೇವದುರ್ಗದ ಒಂದು ವಾಡೆಯಿಂದ, ಹಳೆಯ ಧಣಿಗಳ ದೊಡ್ಡ ಮನೆಯಿಂದ, ಕರೆ ಬಂತು. ಹದಿನೆಂಟನೆಯ ಶತಮಾನದಲ್ಲಿ, ನಮ್ಮ ಎರಡು ಹೊಳೆಗಳ ನಡುವಿನ ಈ ಸೀಮೆಯನ್ನು ದಿಕ್ಕಿಗೊಂದು ದಂಡು ತುಳಿದು ಹೋಗುತ್ತಿದ್ದ ಕಾಲದಲ್ಲಿ, ಆ ಮನೆತನದ ಹಿರಿಯರೊಬ್ಬರು ದಳವಾಯಿಯಾಗಿದ್ದರಂತೆ. ವಾಡೆಯಲ್ಲಿ ಅವರ ಕತ್ತಿ ಇತ್ತು, ಕುದುರೆ ಏರುವಾಗ ಕಾಲಿಡುವ ರಿಕಾಪು ಇತ್ತು, ಮುಖ ಮಾತ್ರ ಇರಲಿಲ್ಲ. ವಾಡೆಯ ಧಣಿ ಯಾವುದೋ ಮದುವೆಗೆ ಹೋದಾಗ ಬೀಗರ ಮನೆಯ ಗೋಡೆಗಳ ಮೇಲೆ ಹಿರಿಯರ ಸಾಲುಸಾಲು ಚಿತ್ರಗಳನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. ದಳವಾಯಿಯ ಚಿತ್ರ ಬೇಕು, ಆಳೆತ್ತರ ಬೇಡ, ಎದೆಮಟ್ಟ ಸಾಕು, ಆದರೆ ನೋಡಿದವರು ಎದ್ದು ನಿಲ್ಲಬೇಕು. ಒಪ್ಪಬೇಕಾದವರು ಮಾತ್ರ ಧಣಿಯಲ್ಲ, ಅವರ ತಾಯಿ. ಎಲ್ಲರೂ ದೊಡ್ಡವ್ವಾರು ಎನ್ನುತ್ತಿದ್ದ ಆ ಮುದುಕಿಗೆ ದಳವಾಯಿಯ ಕತೆಗಳನ್ನು ಅವರತ್ತೆ ಹೇಳಿದ್ದರು, ಅತ್ತೆಗೆ ಅವರತ್ತೆ. ಹೋಲಿಕೆ ಹೇಳಲು ಮನೆಯಲ್ಲಿ ಗಂಡಸರು ಯಾರೂ ಸರಿ ಇರಲಿಲ್ಲ. ಧಣಿಗೆ ತಾಯಿಯ ಕಡೆಯ ಮೂಗು ಬಂದಿತ್ತು, ಅದು ದಳವಾಯಿಯದಾಗಲು ಸಾಧ್ಯವಿರಲಿಲ್ಲ. ಮುಖ ನೀವೇ ಹುಡುಕಿಕೊಳ್ಳಿ ಎಂದು ಕಳಿಸಿದ್ದರು.

ಅಪ್ಪ ಹುಡುಕಿದ್ದು ಮಾನ್ವಿಯಲ್ಲಿ. ಅವ್ವನ ತಮ್ಮ, ನನ್ನ ಸೋದರಮಾವ, ಅಲ್ಲಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಅವನ ಮೀಸೆ ಗಿರಣಿಗಿಂತ ಹೆಸರುವಾಸಿ. ಮಾವ ನಮ್ಮಲ್ಲಿಗೆ ಬಂದು, ಅವ್ವನ ಕೈಯ ಎಣ್ಣೆಗಾಯಿ ಉಂಡು, ಅಪ್ಪ ಎದ್ದೇಳು ಎನ್ನುವವರೆಗೂ ಕೂತ. ಚಿತ್ರ ಚೆನ್ನಾಗಿಯೇ ಬಂದಿತ್ತು. ಅಪ್ಪ ಅದನ್ನು ಹಾಸಿಗೆಯ ಮೇಲೆ ಹೊದಿಸುವ ಪಲಂಗಪೋಸಿನಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿದ. ಸಂಜೆ ಅದೇ ಪಲಂಗಪೋಸು, ಅದೇ ಗಂಟು, ವಾಪಸ್ಸು. ದೊಡ್ಡವ್ವಾರು ಒಂದೇ ಮಾತು ಹೇಳಿದ್ದರಂತೆ.

"ಈತ ಉಂಡು ಅಡ್ಡಾಗ್ಯಾನ. ದಂಡಿಗೆ ಹೋಗಾಂವಲ್ಲ."

ಎರಡನೆಯ ಸಲ ಬದಲಿ ಕೂತವರು ನಮ್ಮ ಓಣಿಯ ದರ್ಜಿ ಖಾದರ್ ಚಾಚಾ. ಎತ್ತರದ ಆಳು, ಕಟ್ಟಿದ ರುಮಾಲು ಬಿಚ್ಚುವುದೇ ಬೇಡ ಅನ್ನಿಸುವಂಥ ತಲೆ. ಶೇರ್ವಾನಿ ಅವರೇ ಹೊಲಿದು ತೊಟ್ಟು ಬಂದರು. ಆದರೆ ಚಾಚಾಗೆ ಸುಮ್ಮನೆ ಕೂಡಲು ಬರುತ್ತಿರಲಿಲ್ಲ.

"ಪೇಂಟರ್ ಸಾಬ್, ಕಾಲರ್ ಸರಿ ಬರೀರಿ. ಮಂದಿ ನೋಡಿದ್ರ ಕಟಿಂಗ್ ಯಾರ್ದು ಅಂತ ಕೇಳಬೇಕು."

"ಕಾಲರ್ ಬಿಡೋ ಮಾರಾಯಾ, ಯುದ್ಧಕ್ಕ ಹೊಂಟೀದಿ ನೀ."

"ಯುದ್ಧಕ್ಕ ಹೊಂಟ್ರೇನಾತು, ಕಾಲರ್ ನೆಟ್ಟಗ ಇರಬಾರದೇನು?"

ಅದೂ ವಾಪಸ್ಸು ಬಂತು. ಈತ ಮದುವಿಗೆ ಹೊಂಟಾನ ಎಂದಿದ್ದರು ದೊಡ್ಡವ್ವಾರು. ಮಾವನ ದಳವಾಯಿ ಮಾನ್ವಿಗೆ ಹೋದ. ಅಲ್ಲಿ ಮಾವ ಅವನನ್ನು ಬಾಗಿಲೆದುರು ತೂಗುಹಾಕಿ, ಬಂದವರಿಗೆಲ್ಲ ನಮ್ಮ ಮುತ್ತಜ್ಜ ಎಂದು ಹೇಳುತ್ತ ಉಳಿದ ಆಯುಷ್ಯ ಸುಖವಾಗಿ ಕಳೆದ. ಚಾಚಾನ ದಳವಾಯಿ ಟೇಲರ್ ಅಂಗಡಿಯ ಗೋಡೆ ಹತ್ತಿ, ಎಷ್ಟೋ ಮದುಮಕ್ಕಳಿಗೆ ಶೇರ್ವಾನಿ ಹೊಲಿಸಿಕೊಟ್ಟ. ಈ ಇಬ್ಬರು ಸೋತ ದಳವಾಯಿಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಆಗ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಶಕ್ತಿನಗರದಲ್ಲಿ ಕರೆಂಟಿನ ಸ್ಥಾವರ ಏಳುತ್ತಿತ್ತು, ಮತ್ತು ಮಾವನ ಪರಿಚಯದ ಗುತ್ತಿಗೆದಾರನೊಬ್ಬ ಅಪ್ಪನಿಗೆ ಅಲ್ಲಿ ಕಾಯಂ ಕೆಲಸ ಕೊಡುತ್ತೇನೆ ಎಂದಿದ್ದ. ಕೊಳವೆಗಳ ಮೇಲೆ ಅಂಕಿ ಬರೆಯುವುದು, ಕಂಬಗಳಿಗೆ ತಲೆಬುರುಡೆ ಬರೆದು ಕೆಳಗೆ 'ಅಪಾಯ' ಎಂದು ಬರೆಯುವುದು. ತಿಂಗಳಿಗೆ ತಪ್ಪದ ಪಗಾರ. ಅಪ್ಪನ ಕಡೆಗೆ ಬರುವ ಗಿರಾಕಿಗಳು ಆಗಲೇ ಸ್ಟುಡಿಯೋಗಳ ಕಡೆ ತಿರುಗುತ್ತಿದ್ದರು. ದೇವದುರ್ಗದ ಚಿತ್ರ ಒಪ್ಪಿಗೆಯಾದರೆ ಆ ವಾಡೆಯ ಬೀಗರು, ಬೀಗರ ಬೀಗರು ಎಲ್ಲ ಬರುತ್ತಾರೆ, ಕಸುಬು ಉಳಿಯುತ್ತದೆ ಎಂದು ಅವನು ನಂಬಿದ್ದ. ಎರಡು ಸಲ ವಾಪಸ್ಸಾದ ಮೇಲೆ ಆ ನಂಬಿಕೆಯೂ ಪಲಂಗಪೋಸಿನ ಹಾಗೆ ಸವೆದಿತ್ತು.

ಆ ರಾತ್ರಿಯ ಊಟ ನನಗೆ ಚೆನ್ನಾಗಿ ನೆನಪಿದೆ. ಪುಂಡಿಪಲ್ಯ, ರೊಟ್ಟಿ, ಶೇಂಗಾದ ಹಿಂಡಿ. ಅಪ್ಪ ರೊಟ್ಟಿಯನ್ನು ಮುರಿಯುತ್ತಿದ್ದ, ಬಾಯಿಗೆ ಮಾತ್ರ ಇಡುತ್ತಿರಲಿಲ್ಲ. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ಮಾತು ತೆಗೆದಳು. ಅವಳು ಜಗಳವಾಡುವಾಗ ಯಾವಾಗಲೂ ಒಲೆಯ ಜೊತೆ ಆಡುತ್ತಿದ್ದಳು, ಪೆಟ್ಟು ನಮಗೆ ಬೀಳುತ್ತಿತ್ತು.

"ತಲಿಬುರುಡಿ ಬರದ್ರೇನು ಕೈ ಬಿದ್ದು ಹೋಗ್ತಾವೇನ್ರಿ? ಸತ್ತವರ ಮಾರಿ ಬರಿತೀರಿ, ತಲಿಬುರುಡಿ ಏನು ಬ್ಯಾರೆ ಊರಿಂದು?"

"ಏ, ನನ್ನ ತಮ್ಮಗ ಹಂಗ ಅನಬ್ಯಾಡ," ಎಂದಳು ಅತ್ತೆ ನಡುಮನೆಯಿಂದ. "ಅವನ ಕೈಯಾಗ ಸರಸ್ವತಿ ಅದಾಳ."

"ಅದಾಳ್ರಿ ಅಕ್ಕಾರ. ಆಕೀಗೂ ಎರಡು ಹೊತ್ತು ಉಣ್ಣಾಕ ಬೇಕಲ್ರಿ."

ಅಪ್ಪ ಮುರಿದ ರೊಟ್ಟಿಯ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿದ. ಆಮೇಲೆ ಹೇಳಿದ:

"ಇನ್ನೊಂದು ಸಲ ಬರಿತೀನಿ. ಅದೂ ಒಪ್ಪಲಿಲ್ಲ ಅಂದ್ರ ಶಕ್ತಿನಗರಕ್ಕ ಹೋಗ್ತೀನಿ. ಕುಂಚ ಎತ್ತಿ ಅಟ್ಟಕ್ಕ ಒಗದುಬಿಡ್ತೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಅವ್ವನಿಗೂ ಆಗಿರಬೇಕು. ಒಲೆಯಿಂದ ಮುಖ ತಿರುಗಿಸಿ, ಮೊದಲ ಸಲ ನೇರ ಅವನನ್ನೇ ಕೇಳಿದಳು:

"ಆ ಮುದುಕಿ ಕೇಳೋದರ ಏನು?"

ದೊಡ್ಡವ್ವಾರು ಈ ಸಲ ಅಪ್ಪನನ್ನು ಕೂರಿಸಿಕೊಂಡು ಮಾತಾಡಿದ್ದರಂತೆ. ದಳವಾಯಿಯವರು ಸಿಟ್ಟಿನವರಲ್ಲ. ನಗುವವರೂ ಅಲ್ಲ. ಎಲ್ಲರೂ ಮಲಗಿದ ಮೇಲೆ ಎದ್ದು ಕುದುರೆಗಳ ಹಗ್ಗ ಜಗ್ಗಿ ನೋಡುತ್ತಿದ್ದರಂತೆ. ಉಪ್ಪು ಬಂತಾ, ನೀರಿನ ಚೀಲ ಸೋರುತ್ತಿಲ್ಲವಲ್ಲ, ಜ್ವರ ಬಂದವನು ಎಲ್ಲಿ ಮಲಗಿದ್ದಾನೆ, ಇದೇ ಗೋಳು; ಎಲ್ಲರ ಲೆಕ್ಕ ಸಿಗುವ ತನಕ ತಾವು ಉಣ್ಣುತ್ತಿರಲಿಲ್ಲವಂತೆ. ಬೇರೆ ದಳವಾಯಿಗಳು ಊರು ಗೆದ್ದು ಬಂದರು, ಇವರು ಕರೆದುಕೊಂಡು ಹೋದ ಮಕ್ಕಳನ್ನು ತಿರುಗಿ ಅವರವರ ತಾಯಂದಿರ ಮುಂದೆ ತಂದು ನಿಲ್ಲಿಸಿದರು. ಅದಕ್ಕೇ ಆ ಸೀಮೆಯ ಹೆಂಗಸರು ಇವರ ಹೆಸರು ಮರೆಯಲಿಲ್ಲ. "ಅವರ ಮಾರಿ ಮ್ಯಾಲೆ ಚಿಂತಿ ಇರಬೇಕಪ್ಪಾ," ಎಂದಿದ್ದರು ದೊಡ್ಡವ್ವಾರು. "ಮೀಸಿ ಯಾರ ಬೇಕಾದ್ರೂ ಬಿಡ್ತಾರ."

ಇದನ್ನು ಕೇಳಿ ಅವ್ವ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಆಗ ಚಿಮಣಿಯ ಬುಡ್ಡಿಯಲ್ಲಿ ಸೀಮೆಎಣ್ಣೆ ಸೋರುತ್ತಿದೆಯೋ ಏನೋ ಎಂದು ಬಗ್ಗಿ ನೋಡುತ್ತಿದ್ದೆ.

"ಚಿಂತಿ ಮಾಡೋ ಮಾರಿ ಬೇಕಂದ್ರ ಮಾನ್ವಿಗೆ ಯಾಕ ಹೋಗ್ತೀರಿ?" ಎಂದಳು. "ಇಲ್ಲೇ ಕುಂತದ ನೋಡ್ರಿ."

ಶಕ್ತಿನಗರದ ಪಗಾರ ಬೇಕು ಎಂದು ವಾದಿಸುತ್ತಿದ್ದವಳೇ ಅವಳು. ಗಂಡ ಸೋಲುವುದಕ್ಕೆ ಸುಮ್ಮನೆ ಕಾದಿದ್ದರೆ ಸಾಕಿತ್ತು. ನಾನು ಅವಳಷ್ಟು ದೊಡ್ಡವಳಾಗಿ, ನನ್ನದೂ ಒಂದು ಸಂಸಾರವಾಗಿ, ನಾನೂ ಒಲೆಯ ಜೊತೆ ಜಗಳವಾಡಲು ಕಲಿತ ಮೇಲೆ, ಅವಳು ಆ ರಾತ್ರಿ ಏನು ಬಿಟ್ಟುಕೊಟ್ಟಳು ಎಂದು ನನಗೆ ತಿಳಿದದ್ದು.

ಮರುದಿನದಿಂದ ನಾನು ಬದಲಿ ಕೂತೆ. ಜೋಳದ ಚೀಲದ ಮೇಲೆ ನನ್ನ ಆಸನ. ಚಾಚಾ ಬಿಟ್ಟುಹೋದ ರುಮಾಲು ತಲೆಗೆ, ಅತ್ತೆಯ ಶಾಲು ಹೆಗಲಿಗೆ. ಅತ್ತೆಯ ಔಡಲೆಣ್ಣೆಗೆ ರಜೆ. ಅದಕ್ಕೆ ಅವಳು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅಪ್ಪ ಹಲಗೆಗೆ ಬಟ್ಟೆ ಬಿಗಿದು, ಇದ್ದಿಲ ಕಡ್ಡಿ ಹಿಡಿದು, ಸೈನಿಕರಿಗೆ ಹುಕುಂ ಕೊಟ್ಟಂತೆ ಹೇಳಿದ:

"ಹೂಂ, ಶಾಂತವ್ವಾ. ಚಿಂತಿ ಮಾಡು."

ಹುಟ್ಟಿದ ಮೇಲೆ ಮೊದಲ ಸಲ ಒಬ್ಬರು ನನಗೆ ಚಿಂತೆ ಮಾಡು ಎಂದಿದ್ದರು. ನನ್ನ ತಲೆ ಒಮ್ಮೆಲೇ ತೊಳೆದ ತಟ್ಟೆಯಾಗಿಹೋಯಿತು. ಕೋಟೆಗೋಡೆಯ ಮೇಲಿನ ಗಿಳಿಗಳು ಎಷ್ಟು ಚೆಂದ ಕೂಗುತ್ತವೆ ಅನ್ನಿಸಿತು. ಹಣೆ ಪಾಟಿಯಂತೆ ನುಣ್ಣಗಾಯಿತು. ಅತ್ತೆ ವರ್ಷಗಟ್ಟಲೆ ಒತ್ತಿದರೂ ಹೋಗದ ಗಂಟು ಅಪ್ಪನ ಒಂದು ಮಾತಿಗೆ ಹೋಗಿತ್ತು. ಅಪ್ಪ ತಲೆ ಹಿಡಿದುಕೊಂಡ. ಆಗ ಅವ್ವ ಅಡುಗೆಮನೆಯಿಂದ ಸಾಮಾನು ಸರಬರಾಜು ಶುರು ಮಾಡಿದಳು.

"ಶಾಂತಾ, ಹಿತ್ತಲ ಬಾಗಲ ಹಾಕಿದಿ?"

ಗಂಟು ಸ್ವಲ್ಪ ಬಂತು.

"ನಿನ್ನ ಗಣಿತದ ಪುಸ್ತಕ ಆಕಳ ಮುಂದ ಬಿದ್ದಿತ್ತಲ್ಲ, ಎತ್ತಿಟ್ಟಿಯೇನು?"

ಇನ್ನಷ್ಟು ಬಂತು. ಅಪ್ಪ ಗೀಚತೊಡಗಿದ. ಆದರೆ ಅವು ಸಣ್ಣ ಚಿಂತೆಗಳು, ದಂಡು ನಡೆಸುವಂಥವಲ್ಲ. ಹೀಗೇ ಕೆಲವು ದಿನ ನಡೆಯಿತು. ಒಂದು ಮಧ್ಯಾಹ್ನ ಅವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಾಗ ನಾನು ಸುಮ್ಮನೆ ಅಪ್ಪನ ಕೈಗಳನ್ನು ನೋಡುತ್ತ ಕೂತಿದ್ದೆ. ಕುಂಚ ಹಿಡಿದಾಗ ಅವನ ಕಿರುಬೆರಳು ಎದ್ದು ನಿಲ್ಲುತ್ತಿತ್ತು, ಚಹಾ ಕುಡಿಯುವ ಸಾಹೇಬರ ಹಾಗೆ. ಕಂಬ ಹತ್ತಿ ತಲೆಬುರುಡೆ ಬರೆಯುವಾಗಲೂ ಈ ಬೆರಳು ಹೀಗೇ ನಿಲ್ಲುತ್ತದೆಯೇ? ಕಂಬದಿಂದ ಜಾರಿದರೆ? ಇಡೀ ದಿನ ಬುರುಡೆ ಬರೆದು ಮನೆಗೆ ಬಂದವನು ನನ್ನ ಮುಖ ನೋಡಿದಾಗ ಅವನಿಗೆ ಏನು ಕಾಣುತ್ತದೆ? ನಾನು ಈ ಹೊತ್ತು ಸರಿಯಾಗಿ ಕೂಡದಿದ್ದರೆ ಇದೆಲ್ಲ ಆಗುತ್ತದೆ ಅನ್ನಿಸಿತು. ಅಪ್ಪ ತಲೆ ಎತ್ತಿದವನು ನನ್ನನ್ನು ನೋಡಿ ಉಸಿರು ಹಿಡಿದ.

"ಅಲ್ಲಾಡಬ್ಯಾಡ ಯವ್ವಾ," ಎಂದ ಮೆಲ್ಲಗೆ. "ಅದೇನು ವಿಚಾರ ಮಾಡಾಕತ್ತೀದಿ, ಅದನ್ನ ಬಿಡಬ್ಯಾಡ."

ಯಾವ ವಿಚಾರ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೆಳಕು ಇಳಿಯುವವರೆಗೆ ಅವನು ನನ್ನ ಹುಬ್ಬಿನ ನಡುವಿನ ಅಷ್ಟೇ ಅಷ್ಟು ಜಾಗವನ್ನು ಬರೆಯುತ್ತಲೇ ಇದ್ದ. ಮನೆಯವರೆಲ್ಲ ನೀಗಿಸಲು ನೋಡುತ್ತಿದ್ದ ನನ್ನ ರೋಗವನ್ನು ಒಬ್ಬ ಮನುಷ್ಯ ಕಳೆದುಹೋದ ಒಡವೆ ಸಿಕ್ಕಂತೆ ನೋಡುತ್ತಿದ್ದ. ಈಗ ನಾನು ರಾಯಚೂರಿನಲ್ಲೇ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗ್ಯಾಸಿನ ಗುಂಡಿ ತಿರುವಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಿಂದಿರುಗುತ್ತೇನೆ, ಮಕ್ಕಳು ಮೊಬೈಲಿನಲ್ಲಿ ಗುಂಡಿಯ ಫೋಟೋ ತೆಗೆದುಕೊಂಡು ಹೋಗಮ್ಮಾ ಎಂದು ನಗುತ್ತಾರೆ. ಪ್ರವಾಸಕ್ಕೆ ಕರೆದುಕೊಂಡು ಹೋದ ಶಾಲೆಮಕ್ಕಳ ತಲೆಗಳನ್ನು ಮತ್ತೆ ಮತ್ತೆ ಎಣಿಸುತ್ತೇನೆ. ಆದರೆ ಈ ಸ್ವಭಾವಕ್ಕೆ ನಾಚಿಕೊಂಡದ್ದು ಕಡಿಮೆ. ಆ ಮಧ್ಯಾಹ್ನ ನನಗೆ ಅದರಿಂದ ಬಿಡುಗಡೆ ಕೊಟ್ಟಿತು. ಚಿಂತೆ ಹೋಗಲಿಲ್ಲ, ನಾಚಿಕೆ ಹೋಯಿತು.

ಚಿತ್ರ ಒಣಗಿತು. ಮೀಸೆ ಮಾವನದು, ರುಮಾಲು ಮತ್ತು ನೆಟ್ಟನೆಯ ಕಾಲರ್ ಚಾಚಾನದು, ಹಣೆ, ಹುಬ್ಬು, ಕಣ್ಣು ನನ್ನವು. ವಾಡೆಗೆ ಒಯ್ಯುವ ದಿನ ಬಂದಾಗ ಚಿತ್ರದ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಯಿತು. ಹಿಂದೆ ಎರಡು ಸಲವೂ ಚಾಚಾನ ಅಂಗಡಿಯ ಹುಡುಗ ಹೋಗಿದ್ದ. ಈಗ ರಂಜಾನ್ ಹತ್ತಿರ ಬಂದು ಅವನು ಹೊಲಿಗೆಯ ರಾಶಿಯಲ್ಲಿ ಮುಳುಗಿದ್ದ. ಅಪ್ಪ ಹಿಂದೆಮುಂದೆ ನೋಡದೆ ನನ್ನನ್ನು ಹೊರಡಿಸಿದ. ಮನೆಯಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಇಬ್ಬರ ಮೊಣಕಾಲ ಮೇಲೆ ಚಿತ್ರ. ಗಬ್ಬೂರು ದಾಟಿದ ಮೇಲೆ ಒಂದು ಕುಳಿಗೆ ಬಸ್ಸು ಹಾರಿ, ಪಲಂಗಪೋಸಿನ ಮೂಲೆ ಜಾರಿತು. ಎದುರಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿದಳು.

"ಚಂದ ಬರದೀಯಪ್ಪಾ ಮಗಳನ್ನ," ಎಂದಳು. "ಆದ್ರ ಮೀಸಿ ಯಾಕ ಹಚ್ಚಿದಿ?"

ಅಪ್ಪ ಅವಸರದಿಂದ ಪಲಂಗಪೋಸಿನ ಮೂಲೆ ಎಳೆದು ಮುಚ್ಚಿದ. ಬದಲಿ ಕೂತವರು ಎದುರಿಗೆ ಇರಬಾರದು. ಇಷ್ಟು ವರ್ಷ ಒಮ್ಮೆಯೂ ಮುರಿಯದ ಕಟ್ಟಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಟಿಕೆಟು ತೆಗೆಸಿ ದೇವದುರ್ಗಕ್ಕೆ ಕರೆದೊಯ್ಯುತ್ತಿದ್ದ. ತಿರುಗಿ ಹೋಗುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಒಬ್ಬಳನ್ನೇ ಬಿಡುವಂತೆಯೂ ಇರಲಿಲ್ಲ. ಇಳಿದ ಮೇಲೆ ನನ್ನ ಗಲ್ಲ ಹಿಡಿದು ಹೇಳಿದ:

"ಯವ್ವಾ, ವಾಡೇದಾಗ ಹೋದಮ್ಯಾಲೆ ನಗುತಿರಬೇಕು. ಏನಾದ್ರೂ ಆಗಲಿ, ನಗುತಿರು. ನಕ್ಕರ ಹಣಿ ಬಿಚ್ಚತದ, ಯಾರಿಗೂ ಗೊತ್ತಾಗಂಗಿಲ್ಲ."

ನಾನು ನಕ್ಕೆ. ವಾಡೆಯ ದೊಡ್ಡ ಬಾಗಿಲಲ್ಲಿ ನಕ್ಕೆ, ಅಂಗಳದಲ್ಲಿ ನಕ್ಕೆ, ಕೊಟ್ಟ ನೀರು ಕುಡಿಯುವಾಗಲೂ ನಗುತ್ತಿದ್ದರಿಂದ ಅರ್ಧ ನೀರು ಲಂಗದ ಮೇಲೆ ಬಿತ್ತು. ಹಜಾರದಲ್ಲಿ ಗಾದಿಯ ಮೇಲೆ ದೊಡ್ಡವ್ವಾರು ಕೂತಿದ್ದರು. ಬಿಳಿ ಸೀರೆ, ಹಣೆ ತುಂಬ ವಿಭೂತಿ, ಸಣ್ಣ ದೇಹ. ಪಕ್ಕದಲ್ಲಿ ಧಣಿ ನಿಂತಿದ್ದರು. ಮುದುಕಿ ಚಿತ್ರಕ್ಕಿಂತ ಮೊದಲು ನನ್ನನ್ನೇ ನೋಡಿದರು.

"ಈ ಕೂಸಿಗೆ ಹಲ್ಲು ನೋವೇನಪ್ಪಾ?"

"ಇಲ್ರಿ ಅವ್ವಾರ. ಆಕಿ ಸ್ವಭಾವನ ಹಂಗ್ರಿ, ಬಾಳ ನಗ್ತಾಳ್ರಿ," ಎಂದ ಅಪ್ಪ. ಅವನ ಬದುಕಿನ ಅತಿ ದೊಡ್ಡ ಸುಳ್ಳು ಅದೇ ಇರಬೇಕು.

ಪಲಂಗಪೋಸು ಬಿಚ್ಚಿದರು. ದೊಡ್ಡವ್ವಾರು ಮುಂದಕ್ಕೆ ಬಾಗಿದರು. ಹಣೆಯಿಂದ ಗಲ್ಲದವರೆಗೆ ನೋಡುತ್ತ ಹೋದರು. ಅಂಗಳದಲ್ಲಿ ಯಾರೋ ಹಗ್ಗ ಎಳೆದು ಬಾವಿಯಿಂದ ನೀರು ಸೇದುತ್ತಿದ್ದರು. ದೊಡ್ಡವ್ವಾರು ನೋಡಿದಷ್ಟೂ ನನ್ನ ನಗು ಸಡಿಲಾಗುತ್ತ ಹೋಯಿತು. ಒಪ್ಪದಿದ್ದರೆ ಶಕ್ತಿನಗರ. ಒಪ್ಪಿ ಆಮೇಲೆ ನನ್ನನ್ನು ಗುರುತು ಹಿಡಿದರೆ? ಗುರುತು ಹಿಡಿಯಬಾರದು ಎಂದುಕೊಂಡಷ್ಟೂ ಹುಬ್ಬುಗಳು ಹತ್ತಿರ ಬರುತ್ತಿದ್ದವು, ಹತ್ತಿರ ಬರುತ್ತಿವೆ ಎಂಬ ಚಿಂತೆಗೆ ಇನ್ನೂ ಹತ್ತಿರ ಬಂದವು. ನನ್ನ ಕೈ ಹಣೆ ಮುಚ್ಚಲು ಹೋಯಿತು. ಅಷ್ಟರಲ್ಲಿ ಮುದುಕಿ ತಲೆ ಎತ್ತಿದರು. ನನ್ನನ್ನು ನೋಡಿದರು. ಚಿತ್ರ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಈ ಮಾರಿ ಎಲ್ಲಿ ಸಿಕ್ಕಿತಪ್ಪಾ ನಿನಗ?" ಎಂದರು.

ಕಟ್ಟಳೆಯ ಪ್ರಕಾರ ಅಪ್ಪ ನಿಮ್ಮ ಹಿರೇರ ಪುಣ್ಯರಿ ಎನ್ನಬೇಕಿತ್ತು. ಪಾನ್ ತರಲು ಹೊರಗೆ ಹೋಗಲು ಅಲ್ಲಿ ಅಂಗಡಿಯೂ ಇರಲಿಲ್ಲ. ಅವನು ನನ್ನ ತಲೆಯ ಮೇಲೆ ಕೈ ಇಟ್ಟ.

"ಮನ್ಯಾಗ್ರಿ, ಅವ್ವಾರ."

ಧಣಿಗೆ ಆಗ ತಿಳಿಯಿತು. ಕಣ್ಣು ಕೆಂಪಗಾದವು.

"ಏನಂದಿ? ನಮ್ಮ ದಳವಾಯಿಗೆ ಈ ಹುಡುಗೀ ಮಾರಿ ಹಚ್ಚಿ ತಂದಿಯೇನು? ನಾಳಿ ಬೀಗರು ಬಂದ್ರ ಏನಂತ ಹೇಳ್ಲಿ? ಕಟ್ಟು, ಕಟ್ಟು ಅದನ್ನ!"

ಅಪ್ಪ ಪಲಂಗಪೋಸಿಗೆ ಕೈ ಹಾಕಿದ. ನಾನು ಅಳುವುದಕ್ಕೆ ತಯಾರಾಗುತ್ತಿದ್ದೆ.

"ಸುಮ್ಮಕಿರೋ," ಎಂದರು ದೊಡ್ಡವ್ವಾರು ಮಗನಿಗೆ. "ನೀ ಕಂಡೀಯೇನು ಅವರನ್ನ?"

"ನಾ ಹೆಂಗ ಕಾಣ್ಲಿ ಯವ್ವಾ?"

"ನಾ ಕಂಡಿಲ್ಲ. ನಮ್ಮತ್ತಿ ಕಂಡಿದ್ದಿಲ್ಲ, ಅವರತ್ತಿ ಕಂಡಿದ್ದಿಲ್ಲ. ಬಾಯಿಂದ ಬಾಯಿಗೆ ಹೇಳಿಕೋತ ಬಂದೀವಿ, ಅಷ್ಟ. ನಾವು ಹೇಳಿಕೋತ ಬಂದಿದ್ದು ಈ ಕೂಸಿನ ಹಣಿ ಮ್ಯಾಲೆ ಅದ. ಇನ್ನೇನು ಬೇಕು ನಿನಗ?"

ಮುದುಕಿ ಅಪ್ಪನಿಗೆ ಚಿತ್ರ ಕಟ್ಟಬೇಡ, ಎತ್ತು ಎಂದರು. ಎದುರು ಗೋಡೆಯಲ್ಲಿ ಕತ್ತಿ ತೂಗುತ್ತಿತ್ತು. ಅದರ ಮೇಲೆ ಮೊಳೆ ಹೊಡೆಸಿ, ಚಿತ್ರ ತೂಗುಹಾಕಿಸಿ, ತಾವೇ ಗೋಡೆ ಹಿಡಿದು ಎದ್ದು ನಿಂತರು. ಅವರು ನಿಂತದ್ದನ್ನು ನೋಡಿ ಹಜಾರದಲ್ಲಿದ್ದವರೆಲ್ಲ ನಿಂತರು. ಅಪ್ಪ ಶಕ್ತಿನಗರಕ್ಕೆ ಹೋಗಲಿಲ್ಲ. ಆ ವಾಡೆಯ ಬೀಗರು, ಬೀಗರ ಬೀಗರು ನಿಜವಾಗಿಯೂ ಬಂದರು, ಕಣ್ಣು ಮಂಜಾಗುವವರೆಗೂ ಅವನು ಮುಖಗಳನ್ನೇ ಬರೆದ. ಈಗಂತೂ ದೇವದುರ್ಗದ ಹುಡುಗರು ಆ ಚಿತ್ರವನ್ನು ಫ್ಲೆಕ್ಸ್ ಮಾಡಿಸಿ ಸರ್ಕಲ್ಲಿನಲ್ಲಿ ಕಟ್ಟುತ್ತಾರೆ, ಆಟೋಗಳ ಹಿಂದೆ ಅಂಟಿಸುತ್ತಾರೆ. ಮೊನ್ನೆ ಅಂಥ ಒಂದು ಆಟೋದಲ್ಲಿ ಕೂತಾಗ ಡ್ರೈವರ್ ಹುಡುಗ ಹೇಳಿದ: "ಮೇಡಂರ, ಆ ಕಣ್ಣಾಗ ಏನು ಖದರ್ ನೋಡ್ರಿ, ವೈರಿ ಅಂಜಿ ಓಡಿಹೋಗಬೇಕು." ನಾನು ಹೌದಪ್ಪಾ ಎಂದೆ. ಬ್ರೇಕು ಸರಿ ಹಿಡಿಯುತ್ತದೆಯಾ ನೋಡು ಎಂದೂ ಹೇಳಿದೆ.

ಆದರೆ ಆ ದಿನ ವಾಡೆಯಲ್ಲಿ ಇನ್ನೊಂದು ನಡೆಯಿತು. ಅಂದು ಅಮಾವಾಸ್ಯೆ. ಆ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಮೊದಲ ಎಡೆ ದಳವಾಯಿಯ ಕತ್ತಿಗೆ ಇಟ್ಟು, ಆಮೇಲೆ ಮಿಕ್ಕವರು ಉಣ್ಣುವ ಪದ್ಧತಿಯಂತೆ. ಒಳಗಿನಿಂದ ಸೊಸೆ ಎಡೆ ತಂದಳು. ಹೋಳಿಗೆ, ಕಟ್ಟಿನ ಸಾರು, ಅನ್ನ, ಮೇಲೆ ತುಪ್ಪ. ಕತ್ತಿಯ ಕೆಳಗೆ ಇಡಲು ಬಗ್ಗಿದವಳನ್ನು ದೊಡ್ಡವ್ವಾರು ತಡೆದರು. ನನ್ನ ರಟ್ಟೆ ಹಿಡಿದು, ಚಿತ್ರದ ಕೆಳಗೆ ಮಣೆಯ ಮೇಲೆ ಕೂರಿಸಿ, ಎಡೆಯನ್ನು ನನ್ನ ಮುಂದೆ ಇಡಿಸಿದರು.

"ಯವ್ವಾ, ಅದು ಹಿರೇರ ಎಡಿ," ಎಂದರು ಧಣಿ, ಈ ಸಲ ಮೆಲ್ಲಗೆ.

"ಇಷ್ಟು ವರ್ಷ ಕತ್ತಿ ಮುಂದ ಇಟ್ಟೀವಿ. ಕತ್ತಿ ಉಂಡಿದ್ದು ಯಾರು ನೋಡ್ಯಾರ?"

ನಾನು ಎಡೆ ನೋಡಿದೆ. ಇದನ್ನು ತಿಂದರೆ ಪಾಪ ಬರುತ್ತದೆಯೇ? ತಿನ್ನದಿದ್ದರೆ ಇವರಿಗೆ ಬೇಜಾರಾಗುತ್ತದೆಯೇ? ಅಪ್ಪ ಬೆಳಗಿನಿಂದ ಏನೂ ತಿಂದಿಲ್ಲ, ಅವನಿಗೆ ಯಾವಾಗ ಬಡಿಸುತ್ತಾರೆ? ಸಂಜೆಯ ಬಸ್ಸು ತಪ್ಪಿದರೆ? ಹುಬ್ಬುಗಳು ಮತ್ತೆ ಕೂಡಿದವು. ದೊಡ್ಡವ್ವಾರು ಅದನ್ನು ಕಂಡು, ಬಹಳ ಕಷ್ಟಪಟ್ಟು ನನ್ನ ಎದುರಿಗೆ ನೆಲದ ಮೇಲೆ ಕೂತರು. ಕೂತು, ತಮ್ಮ ಮನೆಯ ಹಿರಿಯರಿಗೆ ಹೇಳುವಂತೆ ನನಗೆ ಹೇಳಿದರು:

"ಉಣ್ರಿ, ಯಪ್ಪಾ. ನಿಮ್ಮ ಮಂದಿ ಎಲ್ಲಾರೂ ಮನಿ ಮುಟ್ಟ್ಯಾರ. ಈಗರ ಉಣ್ರಿ."

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನಾನು ತುಪ್ಪ ಬಿದ್ದ ಕಡೆಯಿಂದ ಹೋಳಿಗೆ ಮುರಿದೆ.